ಸಪ್ಪಳ ಕಳಕೊಂಡ ಸೈಕಲ್ಲು

ಹೊಳೆದಂಡೆಯಲ್ಲೊಂದು ಪುಟ್ಟ ಮಠ. ಹುಚ್ಚಯ್ಯಜ್ಜ ಗುರು, ವಿರುಪಯ್ಯ ಶಿಷ್ಯ.

ಮಠಕ್ಕೊಂದು ಸೈಕಲ್ಲಿತ್ತು, ಅಜ್ಜನ ಗುರುಗಳ ಕಾಲದ್ದು. ಅದು ಹೊರಟರೆ ಪಾತ್ರೆ ಅಂಗಡಿಯೇ ಮೆಟ್ಟಿಲಿಳಿದು ಬಂದಂತೆ. ಅದರ ಮೇಲೇ ಅಜ್ಜ ದಿನಾ ಮುಂಜಾನೆ ಊರಿಗೆ ಭಿಕ್ಷೆಗೆ ಹೋಗುವುದು. ಬಾಯಿಬಿಟ್ಟು ಬೇಡಬಾರದು, ಅದು ಮಠದ ಪದ್ಧತಿ. ಬಂದ ಹಿಟ್ಟಿನಲ್ಲೇ ದಾರಿಹೋಕರ ಊಟ.

ವಿರುಪಯ್ಯ ದೀಕ್ಷೆ ಕೇಳಿದ.

ಅಜ್ಜ ಸೈಕಲ್ಲು ತೋರಿಸಿದ. "ಇದನ್ನ ಸರಿ ಮಾಡು. ಇದರ ಮ್ಯಾಲೇ ಹೋಗಿ ಜೋಳಿಗಿ ತುಂಬಿಸ್ಕೊಂಡು ಬಾ. ಅವತ್ತ ದೀಕ್ಷಾ."

ಇಷ್ಟೇನಾ ಎಂದುಕೊಂಡ ಶಿಷ್ಯ. ಸೈಕಲ್ಲು ಬಿಚ್ಚಿ ಅಂಗಳದ ತುಂಬ ಹರವಿದ. ಉಪ್ಪುಕಾಗದದಿಂದ ತುಕ್ಕು ಉಜ್ಜಿದ. ಚೈನನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿದ. ನಟ್ಟುಗಳನ್ನೆಲ್ಲ ಬಿಗಿದು, ಕರಿ ಬಣ್ಣ ಬಳಿದು, ಹೊಸ ಬೆಲ್ಲು ಕೂರಿಸಿದ. ಈಗ ಅದು ಬೆಕ್ಕಿನ ಹಾಗೆ ಹೋಗುತ್ತಿತ್ತು.

ಊರಿಗೆ ಹೋದ. ಒಂದು ಬಾಗಿಲೂ ತೆರೆಯಲಿಲ್ಲ. ಬೆಲ್ಲು ಬಾರಿಸಿದ. ಹುಡುಗರು ಓಡಿಬಂದು ಐಸ್‌ಕ್ಯಾಂಡಿ ಕೊಡು ಅಂದರು.

ಕಟ್ಟೆಯ ಮೇಲಿದ್ದ ಮುದುಕಿಯೊಬ್ಬಳು, ಮೊರದಲ್ಲಿ ಹಿಟ್ಟು ಹಿಡಿದು ಕಾದಿದ್ದೆ, ಅಜ್ಜನ ಸೈಕಲ್ಲಿನ ಸದ್ದೇ ಬರಲಿಲ್ಲ, ಗಡಿಗೆಗೆ ಸುರಿದುಬಿಟ್ಟೆ ಅಂದಳು.

ಅಂದು ಮಠದಲ್ಲಿ ಬರೀ ಗಂಜಿ. ದಾರಿಹೋಕರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕುಡಿದರು.

ಮರುದಿನ ವಿರುಪಯ್ಯ ಖಾಲಿ ಡಬ್ಬಿಗೆ ಹರಳು ತುಂಬಿ ಚಕ್ರಕ್ಕೆ ಕಟ್ಟಿದ. ಸಪ್ಪಳವೇನೋ ಜೋರಾಗೇ ಆಯಿತು. ಊರ ನಾಯಿಗಳು ಬೆನ್ನುಹತ್ತಿದವು, ತೆರೆದಿದ್ದ ಬಾಗಿಲುಗಳೂ ಮುಚ್ಚಿದವು.

ತಲೆ ಕೆಟ್ಟು ಮೊಸರಾಗಿ ವಾಪಸು ಬಂದ.

"ಅಜ್ಜಾ, ಸೈಕಲ್ಲು ಸರಿ ಆಗೇತೋ, ಕೆಟ್ಟೈತೋ? ನನಗ ಒಂದೂ ತಿಳೀವಲ್ದರೀ."

ಅಜ್ಜ ಡಬ್ಬಿ ಬಿಚ್ಚಿ ಬದಿಗಿಟ್ಟು ಪೆಡಲು ತಿರುಗಿಸಿದ. ಚಕ್ರ ಸದ್ದಿಲ್ಲದೆ ತಿರುಗುತ್ತಲೇ ಇತ್ತು.

"ಬೇಷ್ ಆಗೇತಿ."

"ಮತ್ತ ಆ ಹಳೇ ಸಪ್ಪಳ? ಅದರಾಗ ಏನೋ ಗುಟ್ಟಿತ್ತಲ್ರೀ?"

"ಗುಟ್ಟೂ ಇಲ್ಲ, ಗಿಟ್ಟೂ ಇಲ್ಲ. ನಟ್ಟು ಬಿಗಿಯಾಕ ನನಗ ಬರ್ತಿರಲಿಲ್ಲ."

ನಗಬೇಕೋ ಅಳಬೇಕೋ ವಿರುಪಯ್ಯನಿಗೆ ತಿಳಿಯದಾಯಿತು.

"ಹಂಗಾದ್ರ ನನ್ನ ದೀಕ್ಷಾ?"

ಅಜ್ಜ ಖಾಲಿ ಜೋಳಿಗೆಯನ್ನು ಅವನ ಹೆಗಲಿಗೆ ಹಾಕಿದ. ತಾನು ಕ್ಯಾರಿಯರ್ ಮೇಲೆ ಹತ್ತಿ ಕೂತ.

"ನಡಿ, ತುಳಿ. ಸೈಕಲ್ಲೇನೋ ಸುಮ್ಮನಾತು. ಇನ್ನ ನೀ ಏನ್ ಸಪ್ಪಳ ಮಾಡ್ತಿ?"