ನೂರು ಚಿಪ್ಪಿನ ಪೊಟರೆ

ಬಿದಿರುಮೆಳೆಗಳು ದಟ್ಟವಾಗಿ ಬೆಳೆದಿದ್ದ ಒಂದು ಕಾಡಿನಲ್ಲಿ, ಹಳೆಯ ಮತ್ತಿಮರದ ಮೇಲೆ ಕೆಂಜುಟ್ಟ ಎಂಬ ಮರಕುಟಿಗ ವಾಸವಾಗಿದ್ದ. ಪೊಟರೆ ಕೊರೆಯುವುದರಲ್ಲಿ ಅವನನ್ನು ಮೀರಿಸುವವರು ಆ ಕಾಡಿನಲ್ಲಿ ಇರಲಿಲ್ಲ. ಅವನು ಕೊರೆದ ಪೊಟರೆಯ ಗೋಡೆ ನುಣುಪು, ಬಾಯಿ ದುಂಡಗೆ. ಎಂಥ ಮಳೆ ಬಂದರೂ ಒಳಗೆ ಒಂದು ಹನಿ ಇಳಿಯುತ್ತಿರಲಿಲ್ಲ. ಇದು ಅವನಿಗೂ ಚೆನ್ನಾಗಿ ಗೊತ್ತಿತ್ತು. ಕೆಲಸ ಮುಗಿದ ಮೇಲೆ ಎದುರಿನ ಕೊಂಬೆಗೆ ಹಾರಿ, ಕತ್ತು ಓರೆ ಮಾಡಿಕೊಂಡು ತನ್ನ ಕೆಲಸವನ್ನು ತಾನೇ ನೋಡುತ್ತ ಬಹಳ ಹೊತ್ತು ಕೂತಿರುತ್ತಿದ್ದ.

ಆ ವರ್ಷ ಬಿದಿರು ಹೂಬಿಟ್ಟಿತು. ಮಕ್ಕಳೇ, ಬಿದಿರು ಹೂಬಿಡುವುದು ಎಷ್ಟೋ ವರ್ಷಗಳಿಗೊಮ್ಮೆ. ಆಗ ಮೆಳೆಯ ತುಂಬ ಬಿದಿರಕ್ಕಿ ಉದುರುತ್ತದೆ. ಆಮೇಲೆ ಮೆಳೆ ಒಣಗಿ ಸಾಯುತ್ತದೆ. ಸಿಕ್ಕಾಗ ಕೂಡಿಟ್ಟುಕೊಂಡವರಿಗೆ ಮಾತ್ರ ಮಳೆಗಾಲದಲ್ಲಿ ಊಟ.

ಪಟ್ಟೆಮ್ಮ ಎಂಬ ಅಳಿಲಿಗೆ ಎಳೆಯ ಮರಿಗಳಿದ್ದವು. ಅಕ್ಕಿ ತುಂಬಿಡಲು ತನಗೊಂದು ಪೊಟರೆ ಕೊರೆದುಕೊಡಬೇಕೆಂದು ಅವಳು ಕೆಂಜುಟ್ಟನನ್ನು ಕೇಳಿದಳು. ಅದಕ್ಕೆ ಪ್ರತಿಯಾಗಿ, ಅವನ ಗೂಡಿನ ಮೊಟ್ಟೆಗಳಿಗೆ ಹಾವು ಬಾಯಿ ಹಾಕದಂತೆ ಕಾಯುವುದಾಗಿ ಒಪ್ಪಿಕೊಂಡಳು. ಹೇಳಿದಂತೆಯೇ ಬೇಸಿಗೆಯಿಡೀ ಕಾವಲಿದ್ದಳು. ಕೆಂಜುಟ್ಟನೂ ಮೈಮುರಿದು ದುಡಿದ.

“ನೂರು ಚಿಪ್ಪು ಅಕ್ಕಿ ಹಿಡಿಯುತ್ತೆ ಅಕ್ಕ,” ಎಂದ ಎದೆಯುಬ್ಬಿಸಿ. “ಅಳೆದೇ ಹೇಳ್ತಿದ್ದೇನೆ.”

ಆ ಕಾಡಿನವರು ಕಾಳು ಅಳೆಯುತ್ತಿದ್ದುದು ಬಸವನಹುಳುವಿನ ಖಾಲಿ ಚಿಪ್ಪಿನಲ್ಲಿ. ಪಟ್ಟೆಮ್ಮ ಅವನ ಮಾತು ನಂಬಿ ನೂರು ಚಿಪ್ಪು ಅಕ್ಕಿ ಕೂಡಿಸಿ ಮರದ ಬುಡದಲ್ಲಿ ರಾಶಿ ಹಾಕಿದಳು. ಪಕ್ಕದ ಮರದಲ್ಲಿ ಖಾಲಿಯಿದ್ದ ತನ್ನ ಹಳೆಯ ಪೊಟರೆಯನ್ನು, ತನಗೆ ಬೇಡವೆಂದು ಗೊರವಂಕಗಳಿಗೆ ಬಿಟ್ಟುಕೊಟ್ಟಳು.

ಮೋಡ ಕವಿಯುತ್ತಿದ್ದಂತೆ ಅಕ್ಕಿಯನ್ನು ಒಳಗೆ ತುಂಬತೊಡಗಿದಳು. ಮುಗ್ಗದಿರಲಿ ಎಂದು ತಳಕ್ಕೆ ಒಣ ಎಲೆ ಹಾಸಿದಳು. ಮೊದಲು ಉದುರಿದ್ದೂ ಆಮೇಲೆ ಉದುರಿದ್ದೂ ಬೆರೆಯದಂತೆ ನಡುವೆ ತೊಗಟೆ ನಿಲ್ಲಿಸಿದಳು. ಓಡಾಡಲು ಸಂದು ಬಿಟ್ಟಳು. ಎಂಬತ್ತು ಚಿಪ್ಪಿಗೆಲ್ಲ ಪೊಟರೆ ಭರ್ತಿಯಾಯಿತು. ಉಳಿದದ್ದು ಹೊರಗೇ ಉಳಿಯಿತು.

ಹೇಳಿದಷ್ಟು ಹಿಡಿಸಲಿಲ್ಲವೆಂದು ಅವಳು ಮೆಲ್ಲಗೆ ತಿಳಿಸಿದಾಗ ಕೆಂಜುಟ್ಟನ ಮುಖ ಕೆಂಪಾಯಿತು. ತನ್ನ ಕೆಲಸದಲ್ಲಿ ಇದುವರೆಗೆ ಯಾರೂ ಕೊರತೆ ಎತ್ತಿರಲಿಲ್ಲ. ಪೂರಾ ಖಾಲಿ ಮಾಡು, ನಾನೇ ತುಂಬಿ ತೋರಿಸುತ್ತೇನೆ ಎಂದ. ಎಲೆ ಹಾಸದೆ, ದಾರಿ ಬಿಡದೆ, ತನ್ನ ಚಿಪ್ಪಿನಲ್ಲೇ ಅಳೆದು ಬಾಯಿಮಟ್ಟ ಸುರಿದ. ನೂರು ಮುಗಿಯಿತು. ಖುಷಿಗೆ ಇಡೀ ಕಾಡಿಗೆ ಕೇಳುವಂತೆ ಕಾಂಡವನ್ನು ಟಕಟಕ ಬಡಿದ.

“ನೋಡಿದೆಯಾ ಅಕ್ಕ? ನನ್ನ ಪೊಟರೆ ಸುಳ್ಳು ಹೇಳುವುದಿಲ್ಲ.”

“ಇಲ್ಲ ಅಣ್ಣ. ಆದರೆ ಈಗ ನಾನು ಒಳಗೆ ಹೋಗೋದು ಹೇಗೆ? ನೂರೂ ಒಳಗಿದ್ದರೆ, ಕೆಳಗೆ ಆ ಗುಡ್ಡೆ ಯಾಕೆ ಉಳೀತು?”

ಕೆಂಜುಟ್ಟ ಬಗ್ಗಿ ನೋಡಿದ. ಗುಡ್ಡೆ ಇತ್ತು. ಕೆಳಗಿಳಿದು ತನ್ನ ಚಿಪ್ಪನ್ನು ಅವಳ ಚಿಪ್ಪಿನ ಪಕ್ಕ ಇಟ್ಟ. ಅವನದು ಚೂರೇ ಚೂರು ಚಿಕ್ಕದು. ಒಂದು ಚಿಪ್ಪಿನಲ್ಲಿ ಕಾಣದ ವ್ಯತ್ಯಾಸ ನೂರು ತುಂಬುವಷ್ಟರಲ್ಲಿ ಗುಡ್ಡೆಯಾಗಿತ್ತು.

ಮಕ್ಕಳೇ, ನೀವು ಹೊಸ ಪೆನ್‌ಡ್ರೈವ್ ತಂದು ಕಂಪ್ಯೂಟರಿಗೆ ಸಿಕ್ಕಿಸಿದಾಗ, ಮೇಲೆ ಬರೆದಷ್ಟು ಜಾಗ ಕಾಣದಿರುವುದೂ ಹೀಗೆಯೇ. ತಯಾರಿಸಿದವರು ಸಾವಿರವನ್ನು ಒಂದು ಅಳತೆ ಎಂದು ಎಣಿಸಿದರೆ, ಎಷ್ಟೋ ಕಂಪ್ಯೂಟರುಗಳು ಸಾವಿರದ ಇಪ್ಪತ್ತನಾಲ್ಕನ್ನು ಒಂದು ಎನ್ನುತ್ತವೆ. ಯಾವುದು ಎಲ್ಲಿದೆ ಎಂದು ಗುರುತಿಡಲೂ ಒಂದಿಷ್ಟು ಜಾಗ ಬೇಕು.

ಅಷ್ಟರಲ್ಲಿ, ಟಕಟಕ ಸದ್ದು ಕೇಳಿ ಏನೆಂದು ನೋಡಲು ಬಂದ ಕಾಡುಹಂದಿಗಳು ಉಳಿದ ಗುಡ್ಡೆಗೆ ಮೂತಿ ಹಾಕಿದವು. ಇಬ್ಬರೂ ಮರವೇರಿ ನೋಡುತ್ತಿದ್ದಂತೆಯೇ ನೆಲ ಬರಿದಾಯಿತು. ಮಳೆಗಾಲದ ಕೊನೆಗೆಂದು ಇಟ್ಟ ಊಟ ಅದು. ಪಟ್ಟೆಮ್ಮ ಬೈಯಲಿಲ್ಲ. ಮರಿಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

“ತಪ್ಪು ಪೊಟರೆಯದಲ್ಲ ಅಕ್ಕ, ನನ್ನ ಬಾಯಿಯದು,” ಎಂದ ಕೆಂಜುಟ್ಟ.

ಆ ಮಳೆಗಾಲದಲ್ಲಿ ಅವನು ಮಳೆ ಬಿಟ್ಟಾಗಲೆಲ್ಲ ತೊಗಟೆ ಕೆದಕಿ, ಹುಳು ತಂದು ಅಳಿಲಿನ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದ. ಅಕ್ಕಿ ಮುಗಿದ ಮೇಲೂ ಮರಿಗಳು ಉಪವಾಸ ಬೀಳಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಕಾಡಿಲಿಗಳು ಕಾಳು ತುಂಬಿಡಲು ಪೊಟರೆ ಕೇಳಿಕೊಂಡು ಬಂದವು. ಕೆಂಜುಟ್ಟ ಮೊದಲು ಅವುಗಳ ಚಿಪ್ಪನ್ನೇ ತರಿಸಿಕೊಂಡ. ಖಾಲಿಯಿದ್ದಾಗ ಎಷ್ಟು ಹಿಡಿಯುತ್ತದೆ, ಹಾಸು, ದಾರಿ ಎಲ್ಲ ಕಳೆದು ಕೈಗೆ ಎಷ್ಟು ಸಿಗುತ್ತದೆ ಎಂದು ಎರಡನ್ನೂ ಹೇಳಿದ. ಆಚೆ ಮರದಲ್ಲಿ ಪೊಟರೆ ಕೊರೆಯುವ ಕುಟ್ರಹಕ್ಕಿ ಇನ್ನೂ ಹೆಚ್ಚು ಹಿಡಿಸಿಕೊಡುತ್ತಾನಂತೆ ಎಂದು ಒಂದು ಇಲಿ ಗೊಣಗಿತು. ಕೆಂಜುಟ್ಟ ತಲೆಯೆತ್ತಿ, ಹೋಗಿ ನೋಡಿಕೊಂಡೇ ಬನ್ನಿ ಎಂದ.

ಇಲಿಗಳು ಹೋಗಿ ನೋಡಿದವು. ಕುಟ್ರಹಕ್ಕಿ ಹೇಳುತ್ತಿದ್ದುದು ಖಾಲಿ ಪೊಟರೆಯ ಲೆಕ್ಕ ಮಾತ್ರ. ಬರುವಾಗ ಪಟ್ಟೆಮ್ಮನನ್ನೂ ವಿಚಾರಿಸಿದವು. ಅವಳು ಅವುಗಳನ್ನು ಒಳಗೆ ಕರೆದು, ಒಂದು ಮಳೆಗಾಲ ಕಳೆದರೂ ಹೊಸದರಂತೆ ಒಣಗಿದ್ದ ಗೋಡೆಯನ್ನು ಮುಟ್ಟಿಸಿದಳು. ಆ ಬೇಸಿಗೆಯಲ್ಲಿ ಕೆಂಜುಟ್ಟನಿಗೆ ಕೊಕ್ಕು ಒರೆಸಿಕೊಳ್ಳಲೂ ಪುರುಸೊತ್ತು ಸಿಗಲಿಲ್ಲ.

ನೀತಿ: ಬಳಕೆಗೆ ಎಷ್ಟು ಸಿಗುತ್ತದೆಂದೂ ಬಿಚ್ಚಿ ಹೇಳಬೇಕು, ಆಗ ಮಾಡಿದ ಕೆಲಸಕ್ಕೆ ಎಷ್ಟು ಹೆಮ್ಮೆಪಟ್ಟರೂ ಚೆಂದ.