ಪುಕ್ಕಟೆ ಪ್ಯಾಟೆ ಸುತ್ತಿದ ಬೋರಲಿಂಗ

ಕೆಂಪಾಜಮ್ಮನ ಮಗ ಬೋರಲಿಂಗನ ವಿಷಯ ನಿಮಗೆ ಗೊತ್ತಿದ್ದರೂ ಅರ್ಧ ಗೊತ್ತಿರುತ್ತೆ. ಮಿಕ್ಕರ್ಧ ಆ ಮನೆಯೋರು ಮುಚ್ಚಿ ಹಾಕಿದಾರೆ. ಆಳು ನೋಡಿದರೆ ಬಾಗಿಲ ಮೇಲ್ಚೌಕಟ್ಟು ತಲೆಗೆ ತಾಗೋಷ್ಟು ಎತ್ತರ. ಬುದ್ಧಿ ಮಾತ್ರ ಹೊಸ್ತಿಲು ದಾಟಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡ್ತಾನೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಹಸು ಹೊಡ್ಕೊಂಡು ಹೋಗು ಅಂದರೆ ಹೊಡ್ಕೊಂಡು ಹೋಗ್ತಾನೆ. ವಾಪಸ್ಸು ಕರ್ಕೊಂಡು ಬಾ ಅಂತ ಯಾರೂ ಹೇಳಲಿಲ್ಲವಲ್ಲ, ಸಂಜೆಗೆ ಒಬ್ಬನೇ ಬರ್ತಾನೆ. ಕೆಂಪಾಜಮ್ಮ ಹಣೆ ಹಣೆ ಬಡ್ಕೊಂಡು, ಇಂಥವನ್ನ ಹೆತ್ತ ಹೊಟ್ಟೆಗೆ ಏನು ಹೇಳಲಿ ಅಂತ ಗೋಳಾಡೋಳು.

ಅವಳೇನು ಕಮ್ಮಿಯೇ? ಬಿಡದಿ ಆಚೆಯ ಕೊಪ್ಪಲಲ್ಲಿ ಅವಳ ಕಾಲು ನಿಲ್ಲುತ್ತಿರಲಿಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆ ಆದಮೇಲಂತೂ ಮುದ್ದೆ ತೊಳಸುವಾಗಲೂ ಕಿವಿ ರಸ್ತೆ ಕಡೆಗೇ. ಬೆಂಗಳೂರಲ್ಲಿ ಅವಳ ಅಣ್ಣ ತಿಬ್ಬೇಗೌಡ ಮಹಡಿ ಮನೆ ಕಟ್ಟಿಸಿದ್ದ. ಮಹಡಿ ಮೇಲೊಂದು ಕೋಣೆ ಖಾಲಿ ಬಿದ್ದಿತ್ತು. ಆ ಕೋಣೆ ಮೇಲೆ ಇವಳ ಕಣ್ಣು.

ದೇವರು ಕಣ್ಣು ಬಿಟ್ಟ ಅನ್ನಿ. ತಿಬ್ಬೇಗೌಡನ ಒಬ್ಬಳೇ ಮಗಳು ಚೈತ್ರ, ಎದುರುಮನೆ ಹುಡುಗನ ಬೈಕಿನ ಹಿಂದೆ ಕೂತು ಓಡಾಡಿದ್ದು ನೆಂಟರಿಗೆಲ್ಲ ಗೊತ್ತಾಗಿಹೋಯ್ತು. ನೋಡೋಕೆ ಬಂದ ಗಂಡುಗಳು ಕಾಫಿ ಕುಡಿದು ಹೋದವರು ಮತ್ತೆ ಫೋನೇ ಎತ್ತಲಿಲ್ಲ. ಆವಾಗ ತಂಗಿ ಮಗ ನೆನಪಾದ. ಕೆಂಪಾಜಮ್ಮನ್ನ ಕರೆಸಿ, "ನಿನ್ನ ಮಗ ಒಂದಷ್ಟು ದಿನ ನನ್ನ ಮನೇಲಿರಲಿ. ಬೀದೀಲಿ ನನ್ನ ಮಾನ ಕಳೀದೆ ಇದ್ರೆ ಹೆಣ್ಣು ಕೊಡ್ತೀನಿ. ಮೇಲಿನ ಕೋಣೆ ನಿಂಗೆ," ಅಂದ.

ಸೈ. ಅಮ್ಮ ಮಗ ಚೀಲ ಹೊತ್ಕೊಂಡು ಬಂದರು.

ಬಂದ ಮಾರನೇ ದಿನವೇ ಕೆಂಪಾಜಮ್ಮನಿಗೆ ಅಂಗಾಲು ತುರಿಕೆ. ಕಾಸು ಬಿಚ್ಚದೆ ಪ್ಯಾಟೆಯೆಲ್ಲ ನೋಡಬೇಕು. ಮೊದಲು ಮಗನ್ನ ಗಾಜಿನ ಮಾಲಿಗೆ ಕರ್ಕೊಂಡು ಹೋದಳು. ಒಳಗೆ ತಣ್ಣಗೆ ಗಾಳಿ ಬೀಸುತ್ತೆ, ಯಾರಪ್ಪನ ಗಂಟೂ ಅಲ್ಲ, ಹಳ್ಳಿ ಗುಗ್ಗು ಹಾಗೆ ಬೆದರಿ ನಿಲ್ಲಬೇಡ, ನಮ್ಮನೆ ಅಂದ್ಕೊಂಡು ಇರು ಅಂತ ಹೇಳಿಕೊಟ್ಟು ಇವಳು ಸೀರೆ ಅಂಗಡಿ ಕಡೆ ಹೋದಳು.

ಬೋರಲಿಂಗ ನಮ್ಮನೆ ಅಂದ್ಕೊಂಡ. ಚಪ್ಪಲಿ ಬಾಗಿಲಾಚೆ ಬಿಟ್ಟ. ಅಂಗಿ ಬಿಚ್ಚಿ ಅಂಗಡಿ ಮುಂದೆ ನಿಂತಿದ್ದ ಗೊಂಬೆ ತೋಳಿಗೆ ನೇತುಹಾಕಿದ. ಮಂಚ ಮಾರೋ ಕಡೆ ಹೋಗಿ ಬಣ್ಣದ ಹಾಸಿಗೆ ಮೇಲೆ ಬರಿಮೈಲಿ ಮಲಗಿ, ಇಡೀ ಮಾಲಿಗೆ ಕೇಳೋ ಹಾಗೆ, "ಅವ್ವೋ, ಮುದ್ದೆ ಆಯ್ತಾ?" ಅಂದ.

ಕಾವಲಿನವರು ಇಬ್ಬರು ಬಂದು ಎಬ್ಬಿಸಿ ರಸ್ತೆಗೆ ಬಿಟ್ಟರು. ಕೆಂಪಾಜಮ್ಮ ದಾರಿಯುದ್ದ ಬೈದಳು. "ಅಯ್ಯೋ ಹೆಡ್ಡ ಮುಂಡೇದೆ, ಬ್ಯಾರೇರ ಜಾಗದಲ್ಲಿ ಕೈಕಟ್ಕೊಂಡು ನಿಂತು ಬರೀ ಕಣ್ಣಲ್ಲಿ ನೋಡಬೇಕು ಕಣ್ಲಾ. ಏನು ಬೇಕು ಅಂದ್ರೆ, ಏನೂ ಬ್ಯಾಡ, ಸುಮ್ಕೆ ನೋಡಕ್ಕೆ ಬಂದೆ ಅನ್ನಬೇಕು."

"ಹಂಗೇ ಆಗಲಿ ಕಣವ್ವ," ಅಂದ.

ಪ್ಯಾಟೇಲಿ ಇನ್ನೊಂದು ಪುಕ್ಕಟೆ ಇದೆ, ಛತ್ರದ ಊಟ. ಗಂಡಿನ ಕಡೆಯೋರು ಇವರು ಹೆಣ್ಣಿನ ಕಡೆಯೋರು ಅಂದ್ಕೋತಾರೆ, ಹೆಣ್ಣಿನ ಕಡೆಯೋರು ಗಂಡಿನ ಕಡೆ ಅಂದ್ಕೋತಾರೆ. ಕೆಂಪಾಜಮ್ಮ ರೇಷ್ಮೆ ಸೀರೆ ಉಟ್ಟು ಮಗನ ಜೊತೆ ನುಗ್ಗಿದಳು, ಯಾರ ಮದುವೆಯೋ ಏನೋ. ಹೆಂಗಸರ ಪಂಕ್ತಿಲಿ ಕೂತು ಹೋಳಿಗೆಗೆ ತುಪ್ಪ ಹಾಕಿಸ್ಕೊಳ್ತಿದ್ದಾಗ ಆ ಕಡೆ ಗುಸುಗುಸು ಶುರುವಾಯ್ತು. ಬೋರಲಿಂಗ ಎಲೆ ಮುಂದೆ ಕೂರಲಿಲ್ಲ. ಕೈಕಟ್ಕೊಂಡು ಊಟಕ್ಕೆ ಕೂತ ಮುದುಕರೊಬ್ಬರ ಎದುರು ನಿಂತು, ಅವರು ತುತ್ತು ಎತ್ತಿದರೆ ತುತ್ತನ್ನೇ, ಬಾಯಿ ಬಿಟ್ಟರೆ ಬಾಯನ್ನೇ ನೋಡ್ತಾ ನಿಂತಿದ್ದ. ಬಡಿಸೋರು ಬಂದು ಏನು ಬೇಕಪ್ಪ ಅಂದರೆ, ಏನೂ ಬ್ಯಾಡ, ನೋಡಕ್ಕೆ ಬಂದೆ ಅಂದ. ಉಣ್ಣೋರಿಗೆ ದೃಷ್ಟಿ ಹಾಕೋಕೆ ಅಂತಲೇ ಬಂದವನು ಯಾರಯ್ಯ ಇವನು? ಮುದುಕರಿಗೆ ತುತ್ತು ಗಂಟಲಲ್ಲಿ ನಿಂತು ಕೆಮ್ಮು ಹತ್ತಿತು. ಯಾರ ಕಡೆಯವನು ಅಂತ ಎರಡು ಕಡೆಯೋರೂ ಕೇಳಿದರು. ಇಬ್ಬರೂ ಒಪ್ಪಿಕೊಳ್ಳಲಿಲ್ಲ. ಅವನು ಅವ್ವನ ಕಡೆ ಬೆರಳು ತೋರಿಸಿದ್ದೇ, ಇಬ್ಬರನ್ನೂ ಕೈ ತೊಳೆಯೋಕೂ ಬಿಡದೆ ಆಚೆ ಹಾಕಿದರು.

ಎಂಜಲು ಕೈಲೇ ಕೆಂಪಾಜಮ್ಮ ಬುದ್ಧಿ ಹೇಳಿದಳು. ಶಾಮಿಯಾನ, ಕುರ್ಚಿ, ಹೂವು, ನಾಕು ಜನ ಕಂಡರೆ ನಗ್ತಾ ನಗ್ತಾ ಹೋಗಬೇಕು. ತಲೆ ಮೇಲೆ ಅಕ್ಕಿ ಹಾಕಬೇಕು. ಪಾಯಸ ಕೇಳಿ ಹಾಕಿಸ್ಕೋಬೇಕು. ಬರುವಾಗ, ಇಂಥದೇ ಇನ್ನೊಂದು ಕಾರ್ಯ ಈ ಮನೇಲಿ ಬೇಗ ಆಗಲಿ, ನಾವೆಲ್ಲ ಬರ್ತೀವಿ ಅನ್ನಬೇಕು.

ಇನ್ನೇನಾಯ್ತು ಅಂತ ನೀವೇ ಊಹೆ ಮಾಡ್ಕೊಂಡಿರ್ತೀರಿ. ತಿಬ್ಬೇಗೌಡನ ಬೀದೀಲೇ, ಅವನ ಜೊತೆ ಸಂಘದಲ್ಲಿದ್ದ ಯಜಮಾನರೊಬ್ಬರು ತೀರಿಕೊಂಡರು. ಶಾಮಿಯಾನ ಬಂತು, ಕುರ್ಚಿ ಬಂತು, ಹೂವು ಬಂತು. ಬೋರಲಿಂಗ ಅಡುಗೆಮನೆಯಿಂದ ಹಿಡಿ ಅಕ್ಕಿ ತಗೊಂಡು ಹಲ್ಲು ಕಿರ್ಕೊಂಡು ಹೋದ. ಹೆಣದ ತಲೆ ಮೇಲೆ ಅಕ್ಕಿ ಹಾಕಿದ. ಅಳ್ತಾ ಕೂತಿದ್ದ ಸೊಸೆ ಹತ್ತಿರ ಪಾಯಸ ಯಾವಾಗ ಬಡಿಸ್ತೀರಿ ಅಂದ. ಇಂಥದೇ ಇನ್ನೊಂದು ಕಾರ್ಯ ಬೇಗ ಆಗಲಿ ಅಂತ ಅಂದದ್ದೇ ತಡ, ಗಂಡುಮಕ್ಕಳು ಎದ್ದರು. ಅಂಗಿಯ ಒಂದು ತೋಳು ಅಲ್ಲೇ ಉಳೀತು.

ತಿಬ್ಬೇಗೌಡ ಮನೆಮನೆಗೆ ಹೋಗಿ ಕ್ಷಮೆ ಕೇಳಿ ಬಂದ. ಆ ಗಳಿಗೇಲೇ ಇಬ್ಬರನ್ನೂ ಓಡಿಸ್ತಿದ್ದ. ಆದರೆ ಚೈತ್ರ ಅವತ್ತೂ ಆ ಬೈಕಿಂದ ಇಳಿದಿದ್ದನ್ನ ಕಣ್ಣಾರೆ ಕಂಡಿದ್ದ. ಅದಕ್ಕೇ ಹಲ್ಲು ಕಚ್ಕೊಂಡು, ನಾಳೇನೇ ವೀಳ್ಯ ಬದಲಾಯಿಸೋಣ, ಇನ್ನೊಂದು ಸಲ ಏನಾದ್ರೂ ಆದ್ರೆ ತಂಗಿಯೂ ಇಲ್ಲ, ಕೋಣೆಯೂ ಇಲ್ಲ ಅಂದ.

ಕೆಂಪಾಜಮ್ಮ ಮಗನ್ನ ಮೂಲೆಗೆ ಕೂರಿಸಿ, ಕಣ್ಣೀರು ಹಾಕ್ತಾ ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಶಾಮಿಯಾನ ಇದ್ದು ಹೆಂಗಸರು ಅಳ್ತಿದ್ರೆ ಮುಖ ಇಳೆಬಿಟ್ಕೊಂಡು ಹೋಗು. ಮಲಗಿರೋರಿಗೆ ಹಾರ ಹಾಕು, ಬಾಯಿಗೆ ತುಳಸಿ ನೀರು ಬಿಡು, ಒಳ್ಳೆ ಜೀವ ಅನ್ನು. ಹೋಗಿಬರ್ತೀನಿ ಅನ್ನಬ್ಯಾಡ. ಯಾರು ಕೂಗಿದ್ರೂ ತಿರುಗಿ ನೋಡಬ್ಯಾಡ. ಸೀದಾ ನಿನ್ನ ಮನೆಗೆ ಹೋಗಿ, ತಲೆ ಮೇಲೆ ನೀರು ಹುಯ್ಕೊಂಡು ಒಳಗೆ ಹೋಗು. ತಿಳೀತಾ?"

"ತಿಳೀತವ್ವ."

ಬೆಳಗಾಯ್ತು. ಬೋರಲಿಂಗನ್ನ ಕ್ಷೌರಕ್ಕೆ ಕಳಿಸಿದರು. ಅವನು ತಿರುಗಿ ಬರೋ ಹೊತ್ತಿಗೆ ಮನೆ ಮುಂದೆ ಶಾಮಿಯಾನ ಎದ್ದಿತ್ತು. ಮಗಳು ಈ ಪೆದ್ದನ ಪಾಲಾಗ್ತಾಳಲ್ಲ ಅಂತ ತಿಬ್ಬೇಗೌಡನ ಹೆಂಡತಿ ಸಿದ್ದಮ್ಮ ಬಾಗಿಲಲ್ಲೇ ಸೆರಗು ಬಾಯಿಗಿಟ್ಟು ಅಳ್ತಿದ್ದಳು. ಒಳಗೆ ತಿಬ್ಬೇಗೌಡ, ರಾತ್ರಿಯೆಲ್ಲ ನಿದ್ದೆಗೆಟ್ಟವನು, ಬಿಳೀ ಪಂಚೆ ಬಿಳೀ ಅಂಗಿ ಹಾಕ್ಕೊಂಡು ನೆಂಟರು ಬರೋವರೆಗೆ ಅಂತ ದಿವಾನದ ಮೇಲೆ ಅಂಗಾತ ಮಲಗಿದ್ದ. ಪಕ್ಕದಲ್ಲೇ ಹಾರದ ಬುಟ್ಟಿ.

ಬೋರಲಿಂಗ ಮುಖ ಇಳೆಬಿಟ್ಟ. ಮಾವನ ಕೊರಳಿಗೆ ಹಾರ ಹಾಕಿದ. ದೇವರ ಮನೆಯಿಂದ ತುಳಸಿ ನೀರು ತಂದು ಬಾಯಿಗೆ ಬಿಟ್ಟ. ಎದುರು ಬಂದ ನೆಂಟರ ಕೈ ಹಿಡಿದು, "ಒಳ್ಳೆ ಜೀವ," ಅಂದ. ಹೋಗಿಬರ್ತೀನಿ ಅನ್ನದೆ ಬೀದಿಗೆ ಇಳಿದ.

ನೀರು ಮೂಗಿಗೇರಿ ತಿಬ್ಬೇಗೌಡ ಹಾರ ಸಮೇತ ಎದ್ದು ಕೂತ. ಅದನ್ನ ಕಂಡು ನೆಂಟರ ಹೆಂಗಸೊಬ್ಬಳು ಮೂರ್ಛೆ ಹೋದಳು. ಆ ಗಲಾಟೇಲಿ ಚೈತ್ರ ಹಿಂಬಾಗಿಲಿಂದ ಇಳಿದು ಎದುರುಮನೆ ಬೈಕು ಹತ್ತಿದವಳು, ಆಮೇಲೆ ತಾಳಿ ಕಟ್ಟಿಸ್ಕೊಂಡೇ ಕಾಣಿಸ್ಕೊಂಡಳಂತೆ. ಅದು ಬೇರೆ ಮಾತು ಬಿಡಿ.

ಕೆಂಪಾಜಮ್ಮ ಬರಿಗಾಲಲ್ಲಿ ಮಗನ ಹಿಂದೆ ಓಡಿದಳು. ನಿಲ್ಲೋ ಅಂದಳು, ಬಾರೋ ಅಂದಳು, ನಿಮ್ಮಾವ ಬದುಕವ್ನೆ ಕಣೋ ಅಂದಳು. ಯಾರು ಕೂಗಿದರೂ ತಿರುಗಬೇಡ ಅಂದವಳು ಅವಳೇ ಅಲ್ಲವೇ? ಬೋರಲಿಂಗ ತಿರುಗಲಿಲ್ಲ. ಅವನ ಮನೆ ಅಂದರೆ ಕೊಪ್ಪಲಿನ ಮನೆ. ಮೈಸೂರು ರಸ್ತೆ ಹಿಡಿದು ಉದ್ದುದ್ದ ಕಾಲು ಹಾಕಿದ. ಕೆಂಗೇರಿ ಕಳೀತು. ಬಸ್ಸಿನ ಮೇಲೆ ಬಸ್ಸು ಪಕ್ಕದಲ್ಲೇ ಹೋಗ್ತಿದ್ದವು. ಅವಳಿಗೆ ಪುಕ್ಕಟೆ, ಆದರೆ ಮಗನ್ನ ಬಿಟ್ಟು ಹತ್ತೋದು ಹೆಂಗೆ? ಕೂಗ್ತಾ ಕುಂಟ್ತಾ ಬಿಡದಿ ದಾಟೋ ಹೊತ್ತಿಗೆ ಸೂರ್ಯ ಕೆಳಗಿಳಿದಿದ್ದ.

ದೀಪ ಹಚ್ಚೋ ಹೊತ್ತಿಗೆ ಮನೆ ಬಂತು. ಬೋರಲಿಂಗ ಅಂಗಳದ ತೊಟ್ಟಿಯಿಂದ ಕೊಡದಲ್ಲಿ ನೀರು ಮೊಗೆದು ತಲೆ ಮೇಲೆ ಹುಯ್ಕೊಂಡ. ಬಾಗಿಲಿಗೇ ಮುಖ ಮಾಡಿ ನಿಂತು ಕೇಳಿದ:

"ಅವ್ವ, ಈಗ ತಿರುಗ್ಲಾ?"

ಕೆಂಪಾಜಮ್ಮ ಜಗಲಿ ಮೇಲೆ ಕುಸಿದು ಕೂತು, ತಿರುಗಪ್ಪ ಅಂದಳು. ಕೂಗಿ ಕೂಗಿ ದನಿ ಬಿದ್ದುಹೋಗಿತ್ತು.

ಅವನು ತಿರುಗಿದ. ತಾಯಿಯನ್ನ ಅಡಿಯಿಂದ ಮುಡಿವರೆಗೂ ನೋಡಿದ.

"ಅರೆ, ನೀನೂ ಸಾವಿನ ಮನೆಯಿಂದಲೇ ಬಂದ್ಯಾ? ಹಂಗೇ ಒಳಗೆ ಬರಂಗಿಲ್ಲ ಕಣವ್ವ," ಅಂತ ಕೊಡ ಎತ್ತಿ ಅವಳ ತಲೆ ಮೇಲೆ, ರೇಷ್ಮೆ ಸೀರೆ ಮೇಲೆ, ದಬದಬ ಸುರಿದ.

ಅವಳು ಬಯ್ಯಲಿಲ್ಲ. ಹೊಸ ಬುದ್ಧಿಯೂ ಹೇಳಲಿಲ್ಲ. ಆಗಲೇ ಬೆಂಗಳೂರಿಗೆ ಹೋಗೋ ಬಸ್ಸು ಬಂದು ಮನೆ ಮುಂದೆ ನಿಂತು, ಕಂಡಕ್ಟರು ಬರ್ತೀಯೇನವ್ವ ಅಂತ ಕೇಳಿ, ನೀರು ತೊಟ್ಟಿಕ್ಕೋ ಹೆಂಗಸನ್ನ ನೋಡಿ, ರೈಟ್ ಅಂದ.