ಮೂರು ಚುಕ್ಕಿಯ ಕರಿ ಮೊಟ್ಟೆ

ಕಾಲು ಮಡಚಿ ಕೂತಿರಾ? ಕೂತುಕೊಳ್ಳಿ. ನಡುವೆ ಗದ್ದಲ ಮಾಡಿದರೆ ಕತೆ ಎದ್ದು ಹೋಗುತ್ತದೆ. ಆಮೇಲೆ ನನ್ನನ್ನು ಕೇಳಬೇಡಿ.

ಒಂದು ಊರು. ಊರಲ್ಲಿ ಒಂದು ಓಣಿ. ಓಣಿಯಲ್ಲಿ ನೀಲವ್ವನ ಹಿಟ್ಟಿನ ಗಿರಣಿ. ಗಿರಣಿಯಲ್ಲಿ ಒಂದು ಹಳೇ ಇಂಜಿನ್ನು. ಇಂಜಿನ್ನಿನ ಪಕ್ಕ ಒಂದು ಬುಟ್ಟಿ. ಬುಟ್ಟಿಯಲ್ಲಿ ಹುಲ್ಲು. ಹುಲ್ಲಿನ ಮೇಲೆ ಒಂದು ಕೋಳಿ. ಮೈತುಂಬ ಚುಕ್ಕಿ. ಅದಕ್ಕೇ ಅದರ ಹೆಸರು ಚುಕ್ಕಿ.

ಚುಕ್ಕಿಗೆ ನಾಲ್ಕು ಮರಿ. ಬೆಳಿಗ್ಗೆಯೆಲ್ಲ ಗಿರಣಿಯ ಮುಂದೆ ಉದುರಿದ ಜೋಳ ಹೆಕ್ಕುತ್ತಿದ್ದವು. ಮಧ್ಯಾಹ್ನ ಮಲಗುತ್ತಿದ್ದವು. ಜೋಗುಳ ಹಾಡುತ್ತಿದ್ದವರು ಯಾರು? ಇಂಜಿನ್ನು! ಗುಡುಗುಡು, ಗುಡುಗುಡು. ಮೊಟ್ಟೆಯೊಳಗೆ ಇದ್ದಾಗಿನಿಂದ ಅವು ಕೇಳಿದ್ದು ಅದನ್ನೇ. ಗುಡುಗುಡು, ಗುಡುಗುಡು. ಕೇಳಿದ್ದೇ ತಡ, ನಾಲ್ಕೂ ಮರಿ ಗಪ್‌ಚಿಪ್ ಮಲಗುತ್ತಿದ್ದವು.

ಒಂದು ದಿನ ಇಂಜಿನ್ನು ಕೆಮ್ಮಿತು. ಹೊಗೆ ಬಿಟ್ಟಿತು. ನಿಂತೇಬಿಟ್ಟಿತು.

ರಾಜೇಸಾಬ ಮಿಸ್ತ್ರಿ ಬಂದ. ಗಿರಣಿಯಲ್ಲೇ ಕೂತು ಇಂಜಿನ್ನು ಬಿಚ್ಚಿದ. ಬಿಚ್ಚಿದ್ದನ್ನೆಲ್ಲ ಗಾಡಿಗೆ ಹಾಕಿದ. ಗ್ಯಾರೇಜ್ ಓಣಿಗೆ ಒಯ್ದ.

ಗುಡುಗುಡು ಹೋಯಿತು.

ಅದೇ ದಿನ ಸಂಜೆ ಚುಕ್ಕಿ ಬುಟ್ಟಿಗೆ ಬಂದು ನೋಡಿತು. ಹುಲ್ಲಿನಲ್ಲಿ ಒಂದು ಮೊಟ್ಟೆ! ಕರೀ ಮೊಟ್ಟೆ. ಭಾರದ ಮೊಟ್ಟೆ. ಅರ್ಧಚಂದ್ರನ ಹಾಗಿರುವ ಮೊಟ್ಟೆ. ಬೆನ್ನ ಮೇಲೆ ಮೂರು ಚುಕ್ಕಿ.

ನಿಮಗೆ ನಗು ಬರುತ್ತದೆ. ಕೋಳಿಗೆ ಬರಲಿಲ್ಲ.

"ನನ್ನ ಮೈಮ್ಯಾಲೂ ಚುಕ್ಕಿ. ಇದರ ಮೈಮ್ಯಾಲೂ ಚುಕ್ಕಿ. ಅಂದಮ್ಯಾಲ ಇದು ನಂದೇ," ಅಂತು. "ಯಾವಾಗೋ ಇಟ್ಟು ಮರತೇನಿ. ನನಗ ಲೆಕ್ಕ ಎಲ್ಲಿ ಬರತೈತಿ?"

ಕಾವಿಗೆ ಕೂತಿತು. ಯಾರು ಹತ್ತಿರ ಬಂದರೂ ಕುಕ್ಕಿತು. ನೀಲವ್ವ ಏನೋ ಹುಡುಕುತ್ತ ಬಂದಳು. ಅವಳ ಕೈಗೂ ಒಂದು ಕುಕ್ಕು. "ಅಯ್ಯಯ್ಯ! ಕಾವಿನ ಕೋಳಿ ತಂಟೆ ಬ್ಯಾಡವ್ವಾ," ಅಂತ ಅವಳು ಹಿಂದೆ ಸರಿದಳು.

ಒಂದು ದಿನ ಕೂತಿತು. ಎರಡು ದಿನ ಕೂತಿತು. ಎಂಟು ದಿನ ಕೂತಿತು. ಮೊಟ್ಟೆ ಒಡೆಯಲಿಲ್ಲ. ಆದರೂ ಚುಕ್ಕಿಗೆ ಅದರ ಮೇಲೆ ಬಹಳ ಜೀವ.

ಈ ಕಡೆ ನಾಲ್ಕು ಮರಿಗಳಿಗೆ ಎಂಟು ದಿನದಿಂದ ನಿದ್ದೆ ಇಲ್ಲ. ಚಿಂವ್ ಚಿಂವ್, ಚಿಂವ್ ಚಿಂವ್. ಕಾಳು ಹೆಕ್ಕಲು ಹೋಗಿ ಕಲ್ಲು ಹೆಕ್ಕಿದವು. ಸಣ್ಣ ಮರಿ ನಿಂತಲ್ಲೇ ಮುಗ್ಗರಿಸಿ ಬಿತ್ತು. ಚುಕ್ಕಿಗೆ ಹೆದರಿಕೆ ಆಯಿತು.

ಕರೀ ಮೊಟ್ಟೆಯ ಮೇಲೆ ಹುಲ್ಲು ಮುಚ್ಚಿತು. ಎದ್ದು ಹೊರಟಿತು. ಮುಂದೆ ಚುಕ್ಕಿ, ಹಿಂದೆ ನಾಲ್ಕು ಮರಿ. ಟಪ ಟಪ, ಟಪ ಟಪ.

ಮೊದಲು ನೀಲವ್ವ ಸಿಕ್ಕಳು. ಖಾಲಿ ಗಿರಣಿಯ ಕಟ್ಟೆಯ ಮೇಲೆ ಕೂತಿದ್ದಳು.

"ಯವ್ವಾ ನೀಲವ್ವಾ! ಇಂಜಿನ್ನು ಗುಡುಗುಡು ಅನವಲ್ದು. ಮರಿ ಮಲಗವಲ್ವು. ನೀ ಯಾಕ ಹ್ಯಾಂಡಲ್ ತಿರುವವಲ್ಲಿ? ಲಗೂನ ಹೇಳು, ನನ್ನ ಮೊಟ್ಟಿ ತಣ್ಣಗಾಗತೈತಿ."

"ಏನಂತ ತಿರುವಲಿ ಚುಕ್ಕೀ? ರಾಜೇಸಾಬ ಪಿಸ್ಟನ್ ಕೂಡಸವಲ್ಲ. ಪಿಸ್ಟನ್ ಇಲ್ಲದ ಇಂಜಿನ್ನು ಮಾತಾಡತೈತೇನ? ಹೋಗು, ಅವನ್ನ ಕೇಳು."

ಮುಂದೆ ಚುಕ್ಕಿ, ಹಿಂದೆ ನಾಲ್ಕು ಮರಿ. ಟಪ ಟಪ, ಟಪ ಟಪ. ಗ್ಯಾರೇಜ್ ಓಣಿ ಬಂತು. ರಾಜೇಸಾಬ ಹೊಸ ಪಿಸ್ಟನ್ನುಗಳನ್ನು ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದ.

"ರಾಜೇಸಾಬಣ್ಣಾ! ನೀಲವ್ವ ಹ್ಯಾಂಡಲ್ ತಿರುವವಲ್ಲಳು. ಇಂಜಿನ್ನು ಗುಡುಗುಡು ಅನವಲ್ದು. ಮರಿ ಮಲಗವಲ್ವು. ನೀ ಯಾಕ ಪಿಸ್ಟನ್ ಕೂಡಸವಲ್ಲಿ? ಲಗೂನ ಹೇಳು, ನನ್ನ ಮೊಟ್ಟಿ ತಣ್ಣಗಾಗತೈತಿ."

"ಎಲ್ಲಿ ಕೂಡಸಲಿ ಚುಕ್ಕೀ? ಪಿಸ್ಟನ್ ಏರಿ ಇಳಿಯೂ ತೂತು ಸವದು ಸೊಟ್ಟ ಆಗೇತಿ. ಬಾಳಪ್ಪ ಬೋರ್ ಮಾಡವಲ್ಲ. ಹೋಗು, ಅವನ್ನ ಕೇಳು."

ಮುಂದೆ ಚುಕ್ಕಿ, ಹಿಂದೆ ನಾಲ್ಕು ಮರಿ. ಟಪ ಟಪ, ಟಪ ಟಪ. ಬಾಳಪ್ಪ ತನ್ನ ಬೋರಿಂಗ್ ಮಶೀನಿಗೆ ಎಣ್ಣೆ ಬಿಡುತ್ತಿದ್ದ.

"ಬಾಳಪ್ಪಣ್ಣಾ! ರಾಜೇಸಾಬ ಪಿಸ್ಟನ್ ಕೂಡಸವಲ್ಲ. ನೀಲವ್ವ ಹ್ಯಾಂಡಲ್ ತಿರುವವಲ್ಲಳು. ಇಂಜಿನ್ನು ಗುಡುಗುಡು ಅನವಲ್ದು. ಮರಿ ಮಲಗವಲ್ವು. ನೀ ಯಾಕ ಬೋರ್ ಮಾಡವಲ್ಲಿ? ಲಗೂನ ಹೇಳು, ನನ್ನ ಮೊಟ್ಟಿ ತಣ್ಣಗಾಗತೈತಿ."

"ಹೆಂಗ ಮಾಡಲಿ ಚುಕ್ಕೀ? ತೂತು ದುಂಡಗ ಕೊರೀಬೇಕಂದ್ರ ನನ್ನ ಮಶೀನು ಇಂಜಿನ್ನಿನ ತಲಿ ಮ್ಯಾಲ ನಿಲ್ಲಬೇಕು. ತಲಿ ತಗ್ಗು ದಿಣ್ಣಿ ಐತಿ. ಸಂಗಪ್ಪ ತಲಿ ಸಪಾಟ ಮಾಡವಲ್ಲ. ಹೋಗು, ಅವನ್ನ ಕೇಳು."

ಮುಂದೆ ಚುಕ್ಕಿ, ಹಿಂದೆ ನಾಲ್ಕು ಮರಿ. ಸಣ್ಣ ಮರಿ ದಾರಿಯಲ್ಲಿ ಎರಡು ಸಲ ಬಿತ್ತು, ಎರಡು ಸಲ ಎದ್ದಿತು. ಸಂಗಪ್ಪ ಇಂಜಿನ್ನಿನ ತಲೆಯ ಮೇಲೆ ಉಕ್ಕಿನ ಪಟ್ಟಿ ಇಟ್ಟು, ಒಂದು ಕಣ್ಣು ಮುಚ್ಚಿ, ಬಗ್ಗಿ ನೋಡುತ್ತಿದ್ದ.

"ಸಂಗಪ್ಪ ಕಾಕಾ! ಬಾಳಪ್ಪ ಬೋರ್ ಮಾಡವಲ್ಲ. ರಾಜೇಸಾಬ ಪಿಸ್ಟನ್ ಕೂಡಸವಲ್ಲ. ನೀಲವ್ವ ಹ್ಯಾಂಡಲ್ ತಿರುವವಲ್ಲಳು. ಇಂಜಿನ್ನು ಗುಡುಗುಡು ಅನವಲ್ದು. ಮರಿ ಮಲಗವಲ್ವು. ನೀ ಯಾಕ ತಲಿ ಸಪಾಟ ಮಾಡವಲ್ಲಿ? ಲಗೂನ ಹೇಳು, ನನ್ನ ಮೊಟ್ಟಿ ತಣ್ಣಗಾಗತೈತಿ."

"ಎಲ್ಲಿಂದ ಅಳೀಲಿ ಚುಕ್ಕೀ? ಕ್ರ್ಯಾಂಕು ಕೂಡೂ ಸಾಲಿನಿಂದ ಅಳೀಬೇಕು. ಆ ಸಾಲು ಸೊಟ್ಟ ಇದ್ರ ನನ್ನ ಕೆಲಸಾನೂ ಸೊಟ್ಟ. ದಾವಲಜ್ಜ ಸಾಲು ನೆಟ್ಟಗ ಮಾಡವಲ್ಲ. ಹೋಗು, ಅವನ್ನ ಕೇಳು."

ಕ್ರ್ಯಾಂಕು ಅಂದರೆ ಏನು ಅಂತೀರಾ? ಇಂಜಿನ್ನಿನ ಹೊಟ್ಟೆಯಲ್ಲಿ ಗರಗರ ತಿರುಗುವ ಉದ್ದನೆಯ ಕಬ್ಬಿಣ. ಚುಕ್ಕಿಗೂ ಗೊತ್ತಿರಲಿಲ್ಲ. ಆದರೆ ಒಂದು ಮಾತು ಅದಕ್ಕೆ ಹೊಳೆಯಿತು. ಇವರು ಯಾರೂ ಸೋಮಾರಿಗಳಲ್ಲ. ಒಬ್ಬರ ಕೆಲಸ ಇನ್ನೊಬ್ಬರ ಕೆಲಸಕ್ಕೆ ಕಾಯುತ್ತಿದೆ. ಹಾಗಾದರೆ ಮೊದಲು ತಡ ಮಾಡಿದವರು ಯಾರು? ಅವರು ಸಿಕ್ಕಲಿ, ಚೆನ್ನಾಗಿ ಕುಕ್ಕುತ್ತೇನೆ ಅಂದುಕೊಂಡಿತು.

ಮುಂದೆ ಚುಕ್ಕಿ, ಹಿಂದೆ ನಾಲ್ಕು ಮರಿ. ಟಪ ಟಪ, ಟಪ ಟಪ. ದಾವಲಜ್ಜ ದಪ್ಪ ಕನ್ನಡಕ ಹಾಕಿಕೊಂಡು ಸುಮ್ಮನೆ ಕೂತಿದ್ದ.

"ದಾವಲಜ್ಜಾ! ಸಂಗಪ್ಪ ತಲಿ ಸಪಾಟ ಮಾಡವಲ್ಲ. ಬಾಳಪ್ಪ ಬೋರ್ ಮಾಡವಲ್ಲ. ರಾಜೇಸಾಬ ಪಿಸ್ಟನ್ ಕೂಡಸವಲ್ಲ. ನೀಲವ್ವ ಹ್ಯಾಂಡಲ್ ತಿರುವವಲ್ಲಳು. ಇಂಜಿನ್ನು ಗುಡುಗುಡು ಅನವಲ್ದು. ಮರಿ ಮಲಗವಲ್ವು. ನೀ ಯಾಕ ಸಾಲು ನೆಟ್ಟಗ ಮಾಡವಲ್ಲಿ? ಲಗೂನ ಹೇಳು, ನನ್ನ ಮೊಟ್ಟಿ ತಣ್ಣಗಾಗತೈತಿ."

"ಕ್ರ್ಯಾಂಕಿಗೆ ಮೂರು ಕುರ್ಚಿ ಅದಾವ ಚುಕ್ಕೀ. ಕ್ರ್ಯಾಂಕು ಮ್ಯಾಲ ಏಳದಂಗ ಮೂರಕ್ಕೂ ಒಂದೊಂದು ಕಬ್ಬಿಣದ ಕ್ಯಾಪು. ಮೂರೂ ಕಟ್ಟಿದ ಮ್ಯಾಲ ಸಾಲು ನೋಡೂದು. ಒಂದನೇದು ಐತಿ. ಎರಡನೇದು ಐತಿ. ಮೂರನೇದು ಇಲ್ಲ."

"ಬ್ಯಾರೆ ಇಂಜಿನ್ನಿಂದು ತಂದು ಹಾಕು!"

ದಾವಲಜ್ಜ ಕನ್ನಡಕ ತೆಗೆದ. "ಮೂರೂ ಈ ಇಂಜಿನ್ನಿನ ಜೋಡೀನ ಹುಟ್ಟಿದ್ದು. ಬ್ಯಾರೆದ್ದು ತಂದ್ರ ಹೊಂದಂಗಿಲ್ಲ. ಬ್ಯಾರೆಯವರ ಮರಿ ತಂದು ನಿನ್ನ ರೆಕ್ಕಿ ಕೆಳಗ ಇಟ್ರ ನಿನಗ ಗೊತ್ತಾಗಂಗಿಲ್ಲೇನ?"

"ಗೊತ್ತಾಗದ ಏನು!" ಅಂತು ಚುಕ್ಕಿ, ಕತ್ತು ಎತ್ತಿ.

"ಹೂಂ. ಇವತ್ತ ಸಿಗದಿದ್ರ ನಾಳೆ ಗುಜರಿ ಗಾಡಿ ಬರತೈತಿ. ಇಂಜಿನ್ನು ಒಯ್ದು ಕರಗಿಸಿಬಿಡ್ತಾರ. ಸಾಮಾನು ತೊಳಿಯೂ ತಿಪ್ಪವ್ವ ಮೂರನೇ ಕ್ಯಾಪು ಕೊಡವಲ್ಲಳು. ಹೋಗು, ಆಕೀನ್ನ ಕೇಳು."

ಕರಗಿಸಿಬಿಡ್ತಾರ! ಚುಕ್ಕಿ ಓಡಿತು. ಮುಂದೆ ಚುಕ್ಕಿ, ಹಿಂದೆ ನಾಲ್ಕು ಮರಿ. ಟಪಟಪಟಪಟಪ. ತಿಪ್ಪವ್ವ ಬಿಸಿನೀರಿನ ಟಾಕಿಯ ಮುಂದೆ ನಿಂತಿದ್ದಳು. ಕೈ ಮೊಣಕೈವರೆಗೂ ಕಪ್ಪು.

"ತಿಪ್ಪವ್ವಕ್ಕಾ! ದಾವಲಜ್ಜ ಸಾಲು ನೆಟ್ಟಗ ಮಾಡವಲ್ಲ. ಸಂಗಪ್ಪ ತಲಿ ಸಪಾಟ ಮಾಡವಲ್ಲ. ಬಾಳಪ್ಪ ಬೋರ್ ಮಾಡವಲ್ಲ. ರಾಜೇಸಾಬ ಪಿಸ್ಟನ್ ಕೂಡಸವಲ್ಲ. ನೀಲವ್ವ ಹ್ಯಾಂಡಲ್ ತಿರುವವಲ್ಲಳು. ಇಂಜಿನ್ನು ಗುಡುಗುಡು ಅನವಲ್ದು. ಮರಿ ಮಲಗವಲ್ವು. ನೀ ಯಾಕ ಮೂರನೇ ಕ್ಯಾಪು ಕೊಡವಲ್ಲಿ? ಲಗೂನ ಹೇಳು, ನನ್ನ ಮೊಟ್ಟಿ ತಣ್ಣಗಾಗತೈತಿ."

"ನನ್ನ ಕೈಗೆ ಬಂದ್ರ ಕೊಡತೇನಿ ಚುಕ್ಕೀ. ಇಂಜಿನ್ನು ಬಂತು, ತೊಳದೆ. ಒಂದು ಚುಕ್ಕಿ ಕ್ಯಾಪು ಬಂತು, ತೊಳದೆ. ಎರಡು ಚುಕ್ಕಿ ಕ್ಯಾಪು ಬಂತು, ತೊಳದೆ. ಮೂರು ಚುಕ್ಕಿದು ಬರಲೇ ಇಲ್ಲ."

"ಚುಕ್ಕಿ? ಯಾವ ಚುಕ್ಕಿ?"

"ಬಿಚ್ಚೂಮುಂದ ರಾಜೇಸಾಬ ಉಳಿ ಇಟ್ಟು ಹೊಡೀತಾನ. ಒಂದನೇದಕ್ಕ ಒಂದು ಚುಕ್ಕಿ, ಎರಡನೇದಕ್ಕ ಎರಡು, ಮೂರನೇದಕ್ಕ ಮೂರು. ಅವು ತಮ್ಮ ತಮ್ಮ ಜಾಗಾ ಮರೀಬಾರ್ದಲ್ಲ! ಕರ್ರಗ ಇರತೈತಿ. ಭಾರ ಇರತೈತಿ. ಅರ್ಧಚಂದ್ರ ಇದ್ದಂಗ ಇರತೈತಿ. ನೋಡಿಯೇನ?"

ಚುಕ್ಕಿ ಈ ಸಲ ಲಗೂನ ಹೇಳು ಅನ್ನಲಿಲ್ಲ. ಮೊಟ್ಟಿ ತಣ್ಣಗಾಗತೈತಿ ಅನ್ನಲಿಲ್ಲ. ತಿರುಗಿ ಮನೆಗೆ ನಡೆಯಿತು. ಮುಂದೆ ಚುಕ್ಕಿ, ಹಿಂದೆ ನಾಲ್ಕು ಮರಿ. ಮೆಲ್ಲಗೆ, ಮೆಲ್ಲಗೆ.

ಬುಟ್ಟಿ ಹತ್ತಿತು. ಹುಲ್ಲು ಸರಿಸಿತು. ಕರೀ ಮೊಟ್ಟೆ. ಭಾರದ ಮೊಟ್ಟೆ. ಅರ್ಧಚಂದ್ರನ ಹಾಗಿರುವ ಮೊಟ್ಟೆ. ಬೆನ್ನ ಮೇಲೆ ಒಂದು, ಎರಡು, ಮೂರು ಚುಕ್ಕಿ.

ಮೊದಲು ತಡ ಮಾಡಿದವರು ಯಾರು ಅಂತ ಈಗ ಗೊತ್ತಾಯಿತು. ತನ್ನನ್ನು ತಾನೇ ಹೇಗೆ ಕುಕ್ಕಿಕೊಳ್ಳುವುದು?

ಚುಕ್ಕಿ ಅದರ ಮೇಲೆ ಮತ್ತೆ ಕೂತಿತು. ಒಂದೇ ಒಂದು ಸಲ. ಎಂಟು ದಿನ ಕಾವು ಕೊಟ್ಟದ್ದು. ಮರಿ ಆದರೆ ಏನಂತ ಕರೆಯಬೇಕು ಅಂತ ಯೋಚಿಸಿಟ್ಟದ್ದು. ಕೊಡಲು ಮನಸ್ಸಾಗಲಿಲ್ಲ. ಬಹಳ ದುಃಖ ಆಯಿತು.

ಚಿಂವ್, ಅಂತು ಸಣ್ಣ ಮರಿ. ಮುಗ್ಗರಿಸಿ ಬಿತ್ತು. ಈ ಸಲ ಏಳಲಿಲ್ಲ, ಬಿದ್ದಲ್ಲೇ ಕಣ್ಣು ಪಿಳಿಪಿಳಿ ಬಿಟ್ಟಿತು.

"ನನ್ನ ರೆಕ್ಕಿ ಕೆಳಗ ಇದು ಬೆಚ್ಚಗ ಇರತೈತಿ," ಅಂತು ಚುಕ್ಕಿ ತನಗೆ ತಾನೇ. "ಆದ್ರ ಇದರ ಜಾಗಾ ಇದಲ್ಲ."

ಎದ್ದು ನಿಂತಿತು. ಬುಟ್ಟಿಯಿಂದ ಇಳಿಯಿತು. ಕೊಕ್ಕೊಕ್ಕೋ, ಅಂತ ನೀಲವ್ವನನ್ನು ಕರೆಯಿತು. ನೀಲವ್ವ ಬಂದು ಬುಟ್ಟಿಗೆ ಕೈ ಹಾಕಿದಳು. ಚುಕ್ಕಿ ಕುಕ್ಕಲಿಲ್ಲ.

"ಯಪ್ಪಾ! ಬಿಚ್ಚೂಮುಂದ ಇಲ್ಲೇ ಬಿದ್ದೈತಲ್ಲ ಇದು!" ನೀಲವ್ವ ಕ್ಯಾಪನ್ನು ಸೆರಗಿನಲ್ಲಿ ಹಾಕಿಕೊಂಡು ಓಡಿದಳು.

ನೀಲವ್ವ ಕ್ಯಾಪು ಕೊಟ್ಟಳು, ತಿಪ್ಪವ್ವ ತೊಳೆದಳು. "ಅರೆ, ಬೆಚ್ಚಗೈತಲ್ಲ ಇದು!" ಅಂದಳು.

ತಿಪ್ಪವ್ವ ತೊಳೆದಳು, ದಾವಲಜ್ಜ ಮೂರೂ ಕ್ಯಾಪು ಕಟ್ಟಿ ಸಾಲು ನೆಟ್ಟಗೆ ಮಾಡಿದ.

ದಾವಲಜ್ಜ ಸಾಲು ನೆಟ್ಟಗೆ ಮಾಡಿದ, ಸಂಗಪ್ಪ ತಲೆ ಸಪಾಟು ಮಾಡಿದ. ಪಟ್ಟಿ ಇಟ್ಟು ನೋಡಿದ. ಪಟ್ಟಿಯ ಕೆಳಗೆ ಎಳೆಯಷ್ಟೂ ಬೆಳಕು ತೂರಲಿಲ್ಲ.

ಸಂಗಪ್ಪ ತಲೆ ಸಪಾಟು ಮಾಡಿದ, ಬಾಳಪ್ಪ ಬೋರ್ ಮಾಡಿದ. ತೂತು ದುಂಡಗಾಯಿತು, ಒಳಗೆ ಮುಖ ಕಾಣುವಷ್ಟು ಹೊಳೆಯಿತು.

ಬಾಳಪ್ಪ ಬೋರ್ ಮಾಡಿದ, ತಿಪ್ಪವ್ವ ಪುಡಿಯೆಲ್ಲ ಹೋಗುವ ಹಾಗೆ ಇನ್ನೊಮ್ಮೆ ತೊಳೆದಳು. ರಾಜೇಸಾಬ ಪಿಸ್ಟನ್ ಕೂಡಿಸಿದ.

ರಾಜೇಸಾಬ ಪಿಸ್ಟನ್ ಕೂಡಿಸಿದ, ಇಂಜಿನ್ನು ಗಿರಣಿಗೆ ಬಂತು, ನೀಲವ್ವ ಹ್ಯಾಂಡಲ್ ಹಿಡಿದಳು. ಒಂದು ಸುತ್ತು. ಎರಡು ಸುತ್ತು. ಮೂರು ಸುತ್ತು.

ಗುಡುಗುಡು! ಗುಡುಗುಡು! ಗುಡುಗುಡು!

ದೊಡ್ಡ ಮರಿ ಆಕಳಿಸಿತು. ಎರಡನೇ ಮರಿ ಆಕಳಿಸಿತು. ಮೂರನೇ ಮರಿ ಆಕಳಿಸಿತು. ಸಣ್ಣ ಮರಿ ಆಕಳಿಸುವ ಮೊದಲೇ ಮಲಗಿತ್ತು.

ಚುಕ್ಕಿ ಇಂಜಿನ್ನಿನ ಪಕ್ಕಕ್ಕೆ ಬಂತು. ಕಿವಿ ಕೊಟ್ಟು ಕೇಳಿತು. ಒಳಗೆ, ಮೂರನೇ ಕುರ್ಚಿಯಲ್ಲಿ, ತನ್ನ ಮೂರು ಚುಕ್ಕಿಯದು ಕೂತಿದೆ. ಅದರ ಜಾಗದಲ್ಲಿ, ಗಟ್ಟಿಯಾಗಿ. ಚುಕ್ಕಿ ಒಂದು ರೆಕ್ಕೆ ಮರಿಗಳ ಮೇಲೆ ಹಾಕಿತು. ಇನ್ನೊಂದು ರೆಕ್ಕೆ ಇಂಜಿನ್ನಿನ ಕಟ್ಟೆಗೆ ತಾಗಿಸಿ ಕೂತಿತು.

ನೀಲವ್ವ ಗಿರಣಿಗೆ ಜೋಳ ಸುರಿಯುತ್ತ ನಕ್ಕಳು. "ಏನ್ ಚುಕ್ಕೀ, ಈಗಾದ್ರೂ ಲೆಕ್ಕ ಬಂತೇನ? ಹೇಳು ನೋಡೋಣು, ನಿನಗ ಎಷ್ಟು ಮರಿ?"

"ಐದು," ಅಂತು ಚುಕ್ಕಿ. "ನಾಲ್ಕು ಮಲಗ್ಯಾವು. ಒಂದು ಹಾಡಾಕತ್ತೈತಿ."